ಪಿಒ ತಲುಪಿತು ಎಂದು ಹೇಳುವುದು ಹೇಗೆ: ಸ್ವೀಕೃತಿ ಷರತ್ತು ಬರೆಸಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಮಾಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಭಾವನವರದ್ದೊಂದು ಸಣ್ಣ ಸಿಎನ್‌ಸಿ ಯೂನಿಟ್ ಇದೆ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರಗಳಲ್ಲಿ ಡ್ರಾಯಿಂಗ್ ಪ್ರಕಾರ ಬಿಡಿಭಾಗ ತಯಾರಿಸುವ ಜಾಗ. ಅಲ್ಲಿ ಬಿಲ್ಲು, ಡಿಸ್ಪ್ಯಾಚ್ ಕಾಗದ, ಗಿರಾಕಿಗಳ ಪೋರ್ಟಲ್ ಎಲ್ಲ ನೋಡಿಕೊಳ್ಳುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ರಾತ್ರಿ ಹತ್ತರ ಸುಮಾರಿಗೆ ದೊಡ್ಡ ಗಿರಾಕಿ ಕಂಪನಿಯೊಂದರಿಂದ ತಿದ್ದಿದ ಡ್ರಾಯಿಂಗಿನ ಪಿಒ (ಪರ್ಚೇಸ್ ಆರ್ಡರ್, ಅಂದರೆ ಖರೀದಿ ಆದೇಶ) ಬಂತು. ನಮ್ಮ ಕಡೆಯ ಸಾಫ್ಟ್‌ವೇರ್ ಅದನ್ನು ತೆಗೆದುಕೊಂಡು, ಯಾರೂ ಹೇಳದೆಯೇ ಹಿಂದಕ್ಕೊಂದು ಸ್ವೀಕೃತಿ (ಅಕ್ನಾಲೆಜ್‌ಮೆಂಟ್) ಸಂದೇಶ ಕಳಿಸಿತು. ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ. ಭಾನುವಾರದ ಪಾಳಿಯ ಹುಡುಗರು ಗೋಡೆಗೆ ಅಂಟಿಸಿದ್ದ ಹಳೇ ಡ್ರಾಯಿಂಗ್ ನೋಡಿಕೊಂಡು ಮಾಲು ತೆಗೆದರು. ಸೋಮವಾರ ಗಾಡಿ ಹೋಯಿತು, ಬುಧವಾರ ಇಡೀ ಲಾಟು ವಾಪಸ್ ಬಂತು. ಫೋನ್ ಮಾಡಿ ಕೇಳಿದರೆ, ‘ನಿಮ್ಮ ಸಿಸ್ಟಂ ಅಕ್ಸೆಪ್ಟೆಡ್ ಅಂತ ಕಳಿಸಿದೆಯಲ್ಲ ಸಾರ್’ ಎಂಬ ಉತ್ತರ ಬಂತು. ಕರಾರು ತೆಗೆದು ನೋಡಿದೆವು. ಈ ವಿಷಯಕ್ಕೆ ಅದರಲ್ಲಿದ್ದದ್ದು ಒಂದೇ ಸಾಲು: ‘ದಾಖಲೆಯನ್ನು ಕಳಿಸಿದ ಕೂಡಲೇ ಅದು ತಲುಪಿದಂತೆ ಮತ್ತು ಒಪ್ಪಿದಂತೆ.’ ನಷ್ಟ ನಾವೇ ಹೊತ್ತೆವು.

ಅಂದಿನಿಂದ ಆ ಒಂದು ಸಾಲಿನ ಜಾಗದಲ್ಲಿ ಏನಿರಬೇಕು ಎಂಬುದೇ ನನಗೆ ಹಿಡಿದ ಗುಂಗು. ನರಸಾಪುರ, ವೇಮಗಲ್ ಕಡೆಯ ಪರಿಚಯದ ಯೂನಿಟ್‌ನವರು ಹೊಸ ಗಿರಾಕಿಯ ಕರಾರು ಬಂದಾಗ ನನ್ನ ಮುಂದೆ ತಂದಿಡುತ್ತಾರೆ. ಅವರೊಂದಿಗೆ ಕೂತು ಓದಿದ್ದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕೊನೆಯ ಕರಡನ್ನು ವಕೀಲರಿಗೆ ತೋರಿಸಲೇಬೇಕು. ಆದರೆ ಏನು ಕೇಳಬೇಕೆಂದು ಗೊತ್ತಿಲ್ಲದೆ ವಕೀಲರ ಬಳಿ ಹೋದರೆ ಅವರೂ ಹಳೇ ನಮೂನೆಯನ್ನೇ ಕೊಟ್ಟು ಕಳಿಸುತ್ತಾರೆ.

ಹೆಜ್ಜೆ 1: ನಾಲ್ಕು ‘ಹೂಂ’ಗಳನ್ನು ಬಿಡಿಸಿಡಿ

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಹೋದ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಿಲ್ಲ. ಮಂಡಿಯಲ್ಲಿ ಕ್ರೇಟು ಇಳಿಸಿ ಎಣಿಸಿಕೊಳ್ಳುವುದು ಒಂದು, ಹರಾಜಿನಲ್ಲಿ ದರ ನಿಲ್ಲುವುದು ಇನ್ನೊಂದು, ಪಟ್ಟಿ ಬರೆದು ದುಡ್ಡು ಕೊಡುವುದು ಮತ್ತೊಂದು. ಎಣಿಸಿಕೊಂಡ ಮಾತ್ರಕ್ಕೆ ದರ ಒಪ್ಪಿದಂತೆ ಎಂದರೆ ರೈತ ಸುಮ್ಮನಿರುತ್ತಾನೆಯೇ? ಅದೇ ಮಾತು ಕಂಪ್ಯೂಟರಿನೊಳಗೆ ಹೋದ ಕೂಡಲೇ ನಾವು ಮರೆತುಬಿಡುತ್ತೇವೆ.

ಮೊದಲ ಹೂಂ, ‘ಬಂದು ಸೇರಿದೆ’. ಕಂಪನಿಗಳ ನಡುವೆ ಎಎಸ್‌2 ಎಂಬ ಸಂಪರ್ಕ ವಿಧಾನವಿದ್ದರೆ ತಲುಪಿದ ಕಡತಕ್ಕೆ ಉತ್ತರವಾಗಿ ಎಂಡಿಎನ್ ಎಂಬ ರಸೀದಿ ಬರುತ್ತದೆ. ಕಳಿಸಿದ ಕಡತ ದಾರಿಯಲ್ಲಿ ಒಂದಕ್ಷರವೂ ಬದಲಾಗದೆ ಸೇರಿತು ಎಂದು ತಾಳೆ ನೋಡುವ ಮೊತ್ತವೂ ಅದರಲ್ಲಿರುತ್ತದೆ. ಪೋರ್ಟಲ್ ಆದರೆ ಅದರಲ್ಲಿ ಬೀಳುವ ದಿನಾಂಕ, ಸಮಯ ಇದೇ ಕೆಲಸ ಮಾಡುತ್ತದೆ.

ಎರಡನೆಯದು, ‘ಬಂದದ್ದನ್ನು ನಮ್ಮ ಸಿಸ್ಟಂ ಓದಬಲ್ಲದು’. ಕಂಪ್ಯೂಟರುಗಳು ತಮ್ಮತಮ್ಮಲ್ಲೇ ದಾಖಲೆ ಓದಿಕೊಳ್ಳಲು ಅಮೆರಿಕದ ಎಕ್ಸ್12 ಎಂಬ ನಮೂನೆ ಬಳಸುವ ಕಂಪನಿಗಳಲ್ಲಿ ಇದಕ್ಕೆ 997 ಎಂಬ ಸಂದೇಶ, ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ನಮೂನೆಯಲ್ಲಿ ಕಂಟ್ರೋಲ್ ಎಂಬ ಸಂದೇಶ. ನಮ್ಮನ್ನು ಮುಳುಗಿಸಿದ್ದು ಈ 997. ಅದರಲ್ಲಿ ಫಲಿತಾಂಶವನ್ನು ಒಂದೊಂದು ಅಕ್ಷರದಲ್ಲಿ ಹೇಳುತ್ತಾರೆ. ‘ಎ’ ಅಂದರೆ ಅಕ್ಸೆಪ್ಟೆಡ್, ‘ಇ’ ಅಂದರೆ ತಪ್ಪಿದ್ದರೂ ತೆಗೆದುಕೊಂಡಿದೆ, ‘ಆರ್’ ಅಂದರೆ ತಿರಸ್ಕೃತ. ಆ ‘ಎ’ ಅಕ್ಷರ ಹೇಳುವುದಿಷ್ಟೇ: ಸಾಲುಗಳು ಸರಿಯಾದ ಜಾಗದಲ್ಲಿವೆ, ಬೇಕಾದ ಖಾನೆಗಳು ತುಂಬಿವೆ. ಒಳಗೆ ಬರೆದಿರುವ ದರ, ಡ್ರಾಯಿಂಗ್, ದಿನಾಂಕಗಳಿಗೆ ಒಪ್ಪಿಗೆ ಇದೆಯೋ ಇಲ್ಲವೋ ಅದಕ್ಕೆ ಗೊತ್ತೇ ಇಲ್ಲ.

ಮೂರನೆಯದು, ನಿಜವಾದ ಒಪ್ಪಿಗೆ. ಎಕ್ಸ್12ರಲ್ಲಿ 855, ಎಡಿಫ್ಯಾಕ್ಟಿನಲ್ಲಿ ಆರ್ಡ್‌ಆರ್‌ಎಸ್‌ಪಿ. ಪೋರ್ಟಲಿನಲ್ಲಾದರೆ ಮನುಷ್ಯರೊಬ್ಬರು ಓದಿ ಒತ್ತುವ ‘ಅಕ್ಸೆಪ್ಟ್’ ಗುಂಡಿ.

ನಾಲ್ಕನೆಯದು ಮಾಲಿನದ್ದು. ಗೇಟಿನಲ್ಲಿ ಸೆಕ್ಯುರಿಟಿಯವರು ಡಿಸಿ (ಡೆಲಿವರಿ ಚಲನ್, ಮಾಲಿನ ಜೊತೆ ಹೋಗುವ ಚೀಟಿ) ಮೇಲೆ ಹಾಕುವ ಸೀಲು, ಆಮೇಲೆ ಸ್ಟೋರಿನವರು ಮಾಲು ಪಡೆದದ್ದನ್ನು ದಾಖಲಿಸಿ ಮಾಡುವ ಜಿಆರ್‌ಎನ್. ಎಲೆಕ್ಟ್ರಾನಿಕ್ ರೂಪದಲ್ಲಿ 861 ಅಥವಾ ರೆಕ್‌ಆ್ಯಡ್ವ್.

ಕರಾರಿನ ಮೊದಲ ಪುಟದಲ್ಲೇ ಈ ನಾಲ್ಕಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಅರ್ಥ ಬರೆಸಿ. ಹೆಸರು ನಿಮಗೆ ಬೇಕಾದದ್ದು ಇರಲಿ. ಒಂದೇ ‘ಅಕ್ನಾಲೆಜ್‌ಮೆಂಟ್’ ಎಂಬ ಪದ ನಾಲ್ಕೂ ಕಡೆ ಓಡಾಡಬಾರದು.

ಹೆಜ್ಜೆ 2: ಕರಾರು ಸುಮ್ಮನಿದ್ದರೆ ಕಾನೂನು ಏನು ಹೇಳುತ್ತದೆ, ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕೆಂದರೆ ಮುಂದಿನ ಎಲ್ಲ ಷರತ್ತಿಗೂ ಇದೇ ಬುನಾದಿ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 12ನೇ ಮತ್ತು 13ನೇ ಕಲಮುಗಳು ಈ ವಿಷಯಕ್ಕೆಂದೇ ಇವೆ.

12ನೇ ಕಲಮಿನ ಮೊದಲ ಭಾಗದ ಪ್ರಕಾರ, ಸ್ವೀಕೃತಿ ಇಂಥ ರೂಪದಲ್ಲೇ ಬೇಕು ಎಂದು ಕಳಿಸಿದವರು ಷರತ್ತು ಹಾಕದಿದ್ದರೆ, ಪಡೆದವರ ಯಾವ ಸಂದೇಶವಾದರೂ ಸ್ವೀಕೃತಿಯೇ. ಯಂತ್ರ ತಾನಾಗಿ ಕಳಿಸಿದ್ದೂ ಆಗುತ್ತದೆ. ಸಂದೇಶವೇ ಬೇಕಿಲ್ಲ, ನಡವಳಿಕೆಯೂ ಸಾಕು. ಹೊಸ ಶೆಡ್ಯೂಲಿನ ಪ್ರಕಾರ ನೀವು ಕಚ್ಚಾ ಮಾಲು ತರಿಸಿದಿರಿ ಎಂದರೆ ಶೆಡ್ಯೂಲು ನಿಮಗೆ ತಲುಪಿದೆ ಎನ್ನಲು ಅದೊಂದೇ ಸಾಕಾಗಬಹುದು.

ಎರಡನೇ ಭಾಗ ಬಹಳ ಹರಿತ. ‘ಸ್ವೀಕೃತಿ ಬಂದರೆ ಮಾತ್ರ ಈ ದಾಖಲೆ ನನ್ನನ್ನು ಕಟ್ಟಿಹಾಕುತ್ತದೆ’ ಎಂದು ಕಳಿಸಿದವರು ಷರತ್ತು ಹಾಕಿದ್ದು, ಸ್ವೀಕೃತಿ ಬಾರದೇ ಹೋದರೆ, ಆ ದಾಖಲೆಯನ್ನು ಕಳಿಸಿಯೇ ಇಲ್ಲ ಎಂದು ಕಾನೂನು ಭಾವಿಸುತ್ತದೆ. ಮೂರನೇ ಭಾಗ, ಅಂಥ ಷರತ್ತು ಇಲ್ಲದ ಸಂದರ್ಭಕ್ಕೆ. ಒಪ್ಪಿದ ಅವಧಿಯೊಳಗೆ, ಅವಧಿ ಗೊತ್ತುಮಾಡಿಲ್ಲದಿದ್ದರೆ ಸಮಂಜಸವಾದ ಕಾಲದೊಳಗೆ, ಸ್ವೀಕೃತಿ ಬರದಿದ್ದರೆ ಕಳಿಸಿದವರು ಒಂದು ಗಡುವು ಕೊಟ್ಟು ನೋಟಿಸು ಕೊಡಬಹುದು. ಆ ಗಡುವೂ ಮೀರಿದರೆ, ಮತ್ತೆ ತಿಳಿಸಿ, ದಾಖಲೆ ಕಳಿಸಿಯೇ ಇಲ್ಲವೆಂದು ಪರಿಗಣಿಸಬಹುದು.

13ನೇ ಕಲಮು ಸಮಯದ್ದು. ಕಳಿಸುವವರ ಹತೋಟಿ ದಾಟಿ ಬೇರೊಂದು ಕಂಪ್ಯೂಟರ್ ವ್ಯವಸ್ಥೆಗೆ ಹೋದ ಗಳಿಗೆ ‘ಕಳಿಸಿದ’ ಸಮಯ. ಇಂಥದ್ದೇ ವಿಳಾಸಕ್ಕೆ ಕಳಿಸಿ ಎಂದು ನೀವು ಗೊತ್ತುಮಾಡಿದ್ದರೆ, ಅದರೊಳಗೆ ಬಿದ್ದ ಗಳಿಗೆಯೇ ‘ತಲುಪಿದ’ ಸಮಯ. ನೀವು ಓದಿದಿರೋ ಮಲಗಿದ್ದಿರೋ ಲೆಕ್ಕಕ್ಕಿಲ್ಲ. ಗೊತ್ತುಮಾಡಿದ ವಿಳಾಸ ಬಿಟ್ಟು ಬೇರೆಡೆ ಕಳಿಸಿದರೆ ಮಾತ್ರ ನೀವು ತೆಗೆದು ನೋಡಿದಾಗ ತಲುಪಿದಂತೆ. ಈ ಕಲಮಿನ ಸಮಯದ ನಿಯಮಗಳಿಗೆಲ್ಲ ಮೊದಲೇ ಒಂದು ಮಾತಿದೆ: ‘ಬೇರೆ ರೀತಿ ಒಪ್ಪಂದವಾಗಿಲ್ಲದಿದ್ದರೆ’. ನಮ್ಮಂಥವರಿಗೆ ಬಾಗಿಲು ತೆರೆದಿಟ್ಟಿರುವುದು ಆ ಮಾತೇ. ನಮ್ಮ ಶನಿವಾರದ ರಾತ್ರಿಯನ್ನು ಸೋಮವಾರ ಬೆಳಿಗ್ಗೆ ಮಾಡಿಕೊಳ್ಳುವ ಹಕ್ಕು ನಮಗಿತ್ತು, ಕೇಳಲಿಲ್ಲ.

‘ಕಂಪ್ಯೂಟರಿನಲ್ಲಾದ ಕರಾರು ಕೋರ್ಟಿನಲ್ಲಿ ನಿಲ್ಲುತ್ತದಾ’ ಎಂದು ಈಗಲೂ ಕೆಲವರು ಕೇಳುತ್ತಾರೆ. ನಿಲ್ಲುತ್ತದೆ. ಇದೇ ಕಾಯ್ದೆಯ 10ಎ ಕಲಮು ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಬರೀ ಇಮೇಲ್ ವಿನಿಮಯದಿಂದಲೇ ಕರಾರು ಪೂರ್ತಿಯಾಗಿದೆ ಎಂದು ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ.

ಹೆಜ್ಜೆ 3: ದಾಖಲೆಗಳ ಪಟ್ಟಿ ಮಾಡಿ, ಯಾವುದಕ್ಕೆ ಯಾವ ‘ಹೂಂ’ ಬೇಕು ಬರೆಯಿರಿ

ಒಂದು ಹಾಳೆಯಲ್ಲಿ ಗಿರಾಕಿಯಿಂದ ನಿಮಗೆ ಬರುವುದನ್ನೆಲ್ಲ ಬರೆಯಿರಿ: ಪಿಒ, ಪಿಒ ತಿದ್ದುಪಡಿ, ಡ್ರಾಯಿಂಗ್ ಬದಲಾವಣೆ, ವಾರದ ಶೆಡ್ಯೂಲು, ರಿಜೆಕ್ಷನ್ ನೋಟ್, ಡೆಬಿಟ್ ನೋಟ್. ಇನ್ನೊಂದರಲ್ಲಿ ನಿಮ್ಮಿಂದ ಹೋಗುವುದು: ಒಪ್ಪಿಗೆ, ಮಾಲು ಹೊರಟಿದೆ ಎಂಬ ಮುನ್ಸೂಚನೆಯಾದ ಎಎಸ್‌ಎನ್, ಇನ್‌ವಾಯ್ಸ್, ತಪಾಸಣಾ ವರದಿ.

ನನ್ನ ಅಭಿಪ್ರಾಯ ಹೀಗಿದೆ. ನಿಮ್ಮ ಮೇಲೆ ಹೊಸ ಹೊಣೆ ಹೊರಿಸುವ ದಾಖಲೆಗಳಿಗೆ, ಅಂದರೆ ಪಿಒ, ದರದ ತಿದ್ದುಪಡಿ, ಡ್ರಾಯಿಂಗ್ ಬದಲಾವಣೆಗೆ, ಮೂರನೇ ಹೂಂ ಇಲ್ಲದೆ ಜೀವ ಬರಬಾರದು. ಒಪ್ಪಿದ ಪಿಒ ಒಳಗೇ ಬರುವ ವಾರದ ಶೆಡ್ಯೂಲಿಗೆ ಅಷ್ಟು ಬಿಗಿ ಬೇಡ, ಎರಡನೇ ಹೂಂ ಸಾಕು. ಅದಕ್ಕೂ ಒಪ್ಪಿಗೆ ಕೇಳುತ್ತಾ ಕೂತರೆ ಗಿರಾಕಿಯ ಲೈನು ನಿಲ್ಲುತ್ತದೆ, ಆಮೇಲೆ ಗಿರಾಕಿಯೇ ಇರುವುದಿಲ್ಲ.

ನಿಮ್ಮಿಂದ ಹೋಗುವ ಇನ್‌ವಾಯ್ಸಿನ ವಿಷಯದಲ್ಲಿ ಉಲ್ಟಾ ಯೋಚಿಸಬೇಕು. ಎಷ್ಟೋ ಜನ ಎರಡೂ ಕಡೆಗೆ ಒಂದೇ ನಿಯಮ ಇರಲಿ ಎಂದು ‘ಸ್ವೀಕೃತಿ ಬಂದರೆ ಮಾತ್ರ ಯಾವುದೇ ದಾಖಲೆ ಊರ್ಜಿತ’ ಎಂದು ಬರೆಸಿಬಿಡುತ್ತಾರೆ. ನೋಡಲು ನ್ಯಾಯವಾಗಿದೆ. ಆದರೆ 12ನೇ ಕಲಮಿನ ಎರಡನೇ ಭಾಗ ನೆನಪಿಸಿಕೊಳ್ಳಿ. ಗಿರಾಕಿಯ ಅಕೌಂಟ್ಸ್ ವಿಭಾಗ ನಿಮ್ಮ ಬಿಲ್ಲಿಗೆ ಸ್ವೀಕೃತಿ ಕೊಡದೆ ಕೂತರೆ ನೀವು ಬಿಲ್ಲು ಕಳಿಸಿಯೇ ಇಲ್ಲ ಎಂದಾಗುತ್ತದೆ. ಆದ್ದರಿಂದ ಇನ್‌ವಾಯ್ಸಿಗೆ, ಗೊತ್ತುಮಾಡಿದ ವಿಳಾಸಕ್ಕೆ ಸೇರಿದ್ದಕ್ಕೆ ದಾಖಲೆ ಇದ್ದರೆ ಸಾಕು, ಆಕ್ಷೇಪವಿದ್ದರೆ ಇಷ್ಟು ದಿನದೊಳಗೆ ಬರಹದಲ್ಲಿ ಹೇಳಬೇಕು ಎಂದು ಬರೆಸಿ.

ಹೆಜ್ಜೆ 4: ವಿಳಾಸ ಗೊತ್ತುಮಾಡಿ

ಒಂದೇ ಒಂದು ಮೇಲ್, ಅಥವಾ ಒಂದೇ ಪೋರ್ಟಲ್ ಖಾತೆ. ಮಾಲೀಕರ ಸ್ವಂತ ಜಿಮೇಲ್ ಬೇಡ, ಬಿಟ್ಟುಹೋಗಬಹುದಾದ ನೌಕರನ ಹೆಸರಿನದ್ದೂ ಬೇಡ. ಸ್ಪ್ಯಾಮ್ ಫೋಲ್ಡರನ್ನು ದಿನಾ ನೋಡುವ ಹೊಣೆ ಒಬ್ಬರಿಗೆ ಕೊಡಿ. ಅದೂ ನಿಮ್ಮ ಪೆಟ್ಟಿಗೆಯ ಒಳಗೇ ಇರುವುದರಿಂದ ‘ಕಾಣಲಿಲ್ಲ’ ಎಂಬ ವಾದ ನಿಲ್ಲುವುದು ಕಷ್ಟ. ನಡುವೆ ಸಂದೇಶ ಸಾಗಿಸುವ ಮೂರನೇ ಕಂಪನಿ ಇದ್ದರೆ, ಅವರವರು ನೇಮಿಸಿಕೊಂಡವರ ತಪ್ಪಿಗೆ ಅವರವರೇ ಹೊಣೆ ಎಂದೂ ಒಂದು ಸಾಲು ಇರಲಿ.

ವಾಟ್ಸ್ಆ್ಯಪ್ ಬಗ್ಗೆ ಬರೆಯದೆ ಬಿಡಬೇಡಿ. ನಮ್ಮ ಕಡೆ ಅರ್ಧ ವ್ಯವಹಾರ ನಡೆಯುವುದೇ ಅದರಲ್ಲಿ. ‘ಅಣ್ಣಾ, ನಾಳೆ 200 ಪೀಸ್ ಜಾಸ್ತಿ ಬೇಕು’ ಎಂದು ಖರೀದಿ ವಿಭಾಗದವರು ಹಾಕುತ್ತಾರೆ, ಇವರು ಹೆಬ್ಬೆರಳು ಎತ್ತಿದ ಚಿತ್ರ ಹಾಕುತ್ತಾರೆ. ಅದು ‘ನೋಡಿದೆ’ ಎಂದೋ ‘ಒಪ್ಪಿದೆ’ ಎಂದೋ? ನೀಲಿ ಟಿಕ್ ಬರದಂತೆ ಮಾಡಿಕೊಳ್ಳಲೂ ಬರುವುದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ‘ವಾಟ್ಸ್ಆ್ಯಪ್, ಫೋನ್ ಮಾತುಗಳು ಮಾಹಿತಿಗಾಗಿ ಮಾತ್ರ. 24 ಗಂಟೆಯೊಳಗೆ ಗೊತ್ತುಮಾಡಿದ ವಿಳಾಸಕ್ಕೆ ದಾಖಲೆ ಬಂದರೆ ಮಾತ್ರ ಅನ್ವಯ’ ಎಂದು ಬರೆಸಿ. ಬರೆಸಿದ ಮೇಲೆ ನೀವೂ ಅದರಂತೆ ನಡೆಯಬೇಕು. ವಾಟ್ಸ್ಆ್ಯಪ್ ನೋಡಿ ಮಾಲು ತೆಗೆಯುತ್ತಾ ಹೋದರೆ ನಿಮ್ಮ ನಡವಳಿಕೆಯೇ ನಿಮ್ಮ ಷರತ್ತನ್ನು ತಿಂದುಹಾಕುತ್ತದೆ.

ಹೆಜ್ಜೆ 5: ಗಡಿಯಾರ ಕಟ್ಟಿ

‘ಕೆಲಸದ ದಿನ’, ‘ಕೆಲಸದ ಸಮಯ’ ಎರಡಕ್ಕೂ ಅರ್ಥ ಬರೆಯಿರಿ. ಭಾರತೀಯ ಕಾಲಮಾನ ಎಂದೂ ಸೇರಿಸಿ. ವಿದೇಶಿ ಸರ್ವರಿನ ಲಾಗಿನಲ್ಲಿ ಐದೂವರೆ ಗಂಟೆ ಹಿಂದಿನ ಸಮಯ ಇರುವುದುಂಟು, ಅಷ್ಟರಲ್ಲಿ ದಿನಾಂಕವೇ ಬದಲಾಗಿಬಿಡುತ್ತದೆ. ರಜೆಯ ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿ. ಗುರುಗ್ರಾಮದ ಗಿರಾಕಿಗೆ ಯುಗಾದಿಯ ರಜೆ ಗೊತ್ತಿರುವುದಿಲ್ಲ, ಆಯುಧಪೂಜೆಯ ದಿನ ಮಷೀನು ಮುಟ್ಟುವುದಿಲ್ಲ ಎಂಬುದೂ ಗೊತ್ತಿರುವುದಿಲ್ಲ.

ಹೆಜ್ಜೆ 6: ಷರತ್ತು ಬರೆಯಿರಿ

ಕರಾರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಂಡರೆ ನಿಮಗೇನು ಬೇಕು ಎಂಬುದು ನಿಮಗೇ ತಿಳಿಯಾಗುತ್ತದೆ. ನಾನು ಬಳಸುವ ಕರಡು ಇದು:

‘ಗೊತ್ತುಮಾಡಿದ ವಿಳಾಸಕ್ಕೆ ದಾಖಲೆ ಸೇರಿದ ಸಮಯವೇ ತಲುಪಿದ ಸಮಯ. ಕೆಲಸದ ಸಮಯದ ಆಚೆ ಸೇರಿದ ದಾಖಲೆಯು ಮುಂದಿನ ಕೆಲಸದ ದಿನ ಬೆಳಿಗ್ಗೆ 9.30ಕ್ಕೆ ತಲುಪಿದಂತೆ.

‘ಪಡೆದವರು 4 ಕೆಲಸದ ಗಂಟೆಗಳೊಳಗೆ ಸ್ವೀಕೃತಿ ಸಂದೇಶ ಕಳಿಸಬೇಕು. ಸ್ವೀಕೃತಿ ಸಂದೇಶವು ದಾಖಲೆ ತಲುಪಿದೆ ಮತ್ತು ಅದರ ರಚನೆ ಓದಲು ಬರುವಂತಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ದಾಖಲೆಯ ಒಳಗಿನ ಯಾವ ವಿಷಯಕ್ಕೂ ಅದು ಒಪ್ಪಿಗೆಯಾಗದು.

‘ಪಿಒ, ಪಿಒ ತಿದ್ದುಪಡಿ ಮತ್ತು ಡ್ರಾಯಿಂಗ್ ಬದಲಾವಣೆಗಳು, ಅನುಬಂಧದಲ್ಲಿ ಹೆಸರಿಸಿದ ಅಧಿಕೃತ ವ್ಯಕ್ತಿಯ ಒಪ್ಪಿಗೆ ಸಂದೇಶ ಬಂದ ಮೇಲೆ ಮಾತ್ರ ಅನ್ವಯವಾಗುತ್ತವೆ. 2 ಕೆಲಸದ ದಿನಗಳಲ್ಲಿ ಒಪ್ಪಿಗೆಯೋ ನಿರಾಕರಣೆಯೋ ಬರದಿದ್ದರೆ ಹಿಂದಿನ ದಾಖಲೆಯೇ ಮುಂದುವರಿಯುತ್ತದೆ.’

ಕೊನೆಯ ವಾಕ್ಯಕ್ಕೆ ಗಿರಾಕಿಯ ವಕೀಲರು ತಕರಾರು ಎತ್ತುವುದು ಖಂಡಿತ. ಸುಮ್ಮನಿದ್ದರೆ ಒಪ್ಪಿದಂತೆ ಎಂದೇ ಅವರಿಗೆ ಬೇಕು. ಪ್ರಸ್ತಾಪ ಮಾಡಿದವರು ಎದುರಿನವರ ಮೌನವನ್ನೇ ಒಪ್ಪಿಗೆ ಎಂದು ಹೇರುವಂತಿಲ್ಲ ಎಂಬುದು ಕರಾರು ಕಾನೂನಿನ ಹಳೆಯ ತತ್ವ. ಆದರೆ ಸುಮ್ಮನಿದ್ದರೆ ಒಪ್ಪಿದಂತೆ ಎಂದು ನೀವೇ ಮೊದಲು ಸಹಿ ಹಾಕಿಬಿಟ್ಟರೆ ಆ ತತ್ವ ನಿಮ್ಮನ್ನು ಕಾಯುವುದಿಲ್ಲ. ಎಲ್ಲವನ್ನೂ ಗೆಲ್ಲಲಾಗದಿದ್ದರೆ ಡ್ರಾಯಿಂಗ್ ಮತ್ತು ದರ ಎರಡನ್ನಾದರೂ ಮೌನದಿಂದ ಹೊರಗಿಡಿ.

ಹೆಜ್ಜೆ 7: ಸ್ವೀಕೃತಿ ಬರದಿದ್ದರೆ?

ಮೊದಲು ಮತ್ತೆ ಕಳಿಸುವುದು, ಅದೇ ದಾಖಲೆ ಸಂಖ್ಯೆಯಲ್ಲಿ. ಹೊಸ ಸಂಖ್ಯೆ ಕೊಟ್ಟರೆ ಒಂದು ಪಿಒ ಎರಡಾಗಿ, ಮಾಲೂ ಎರಡು ಪಟ್ಟಾಗುತ್ತದೆ. ಆಮೇಲೆ ಹೆಸರಿಸಿದ ವ್ಯಕ್ತಿಗೆ ಫೋನು. ಅದಕ್ಕೂ ಉತ್ತರವಿಲ್ಲದಿದ್ದರೆ 12ನೇ ಕಲಮಿನ ಮೂರನೇ ಭಾಗದ ನೋಟಿಸು, 1 ಕೆಲಸದ ದಿನದ ಗಡುವಿನೊಂದಿಗೆ. ಅಕ್ಷರ ಕಲಸಿಹೋದ, ಅರ್ಧ ಬಂದ ದಾಖಲೆಯನ್ನು ಪಡೆದವರು ತಕ್ಷಣ ತಿಳಿಸಬೇಕು, ತಿಳಿಸದಿದ್ದರೆ ಕಳಿಸಿದವರ ಬಳಿಯ ಪ್ರತಿಯೇ ಪ್ರಮಾಣ ಎಂಬ ಸಾಲು ಎಷ್ಟೋ ಕರಾರುಗಳಲ್ಲಿರುತ್ತದೆ. ಅದಕ್ಕೆ ‘ಯಾರು ಕಳಿಸಿದ್ದೆಂದು ಗುರುತು ಸಿಗುವಂತಿದ್ದರೆ’ ಎಂದು ಸೇರಿಸಿ. ಯಾರದೆಂದೇ ಗೊತ್ತಾಗದ ಕಡತಕ್ಕೆ ಯಾರಿಗೆ ತಿಳಿಸುವುದು?

ಕರೆಂಟು, ಇಂಟರ್‌ನೆಟ್ ಇಲ್ಲದ ಹೊತ್ತಿಗೂ ಒಂದು ದಾರಿ ಬರೆದಿಡಿ. ಎರಡು ಗಂಟೆಗಿಂತ ಹೆಚ್ಚು ವ್ಯವಸ್ಥೆ ನಿಂತರೆ ಫೋನಿನಲ್ಲಿ ತಿಳಿಸುವುದು, ಆ ಅವಧಿಯನ್ನು ಗಡುವಿನಿಂದ ಕಳೆಯುವುದು.

ಹೆಜ್ಜೆ 8: ಮಾಲು, ಬಿಲ್ಲು ಮತ್ತು ಸರ್ಕಾರದ ಗಡುವುಗಳು

ದುಡ್ಡು ಬರುವುದು ಇಲ್ಲಿಂದ, ಆದ್ದರಿಂದ ಗಮನವಿಟ್ಟು ಓದಿ. ನೀವು ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಿದ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿದ್ದರೆ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ, 2006ರ 15ನೇ ಕಲಮಿನ ಪ್ರಕಾರ, ಬರಹದಲ್ಲಿ ಏನೇ ಒಪ್ಪಿದ್ದರೂ ಪಾವತಿಯ ಅವಧಿ ಸ್ವೀಕಾರದ ದಿನದಿಂದ 45 ದಿನ ಮೀರುವಂತಿಲ್ಲ. ಸ್ವೀಕಾರದ ದಿನ ಯಾವುದು? ಮಾಲು ವಾಸ್ತವವಾಗಿ ಒಪ್ಪಿಸಿದ ದಿನ. ಒಪ್ಪಿಸಿ 15 ದಿನದೊಳಗೆ ಗಿರಾಕಿ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ಆ ದಿನವೇ ಸ್ವೀಕಾರವಾದಂತೆ. ಆಕ್ಷೇಪ ಎತ್ತಿದ್ದರೆ, ನೀವು ಅದನ್ನು ಸರಿಪಡಿಸಿದ ದಿನದಿಂದ ಲೆಕ್ಕ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ.

ಈಗ ಗಿರಾಕಿಯ ಕರಾರು ನೋಡಿ. ‘ಜಿಆರ್‌ಎನ್ ಆದ ದಿನದಿಂದ 45 ದಿನ’ ಎಂದಿರುತ್ತದೆ. ಗೇಟಿನಲ್ಲಿ ಮಾಲು ಇಳಿದು, ಸ್ಟೋರಿನವರು ಜಿಆರ್‌ಎನ್ ಮಾಡುವಷ್ಟರಲ್ಲಿ ಕೆಲವೊಮ್ಮೆ ವಾರ ಕಳೆದಿರುತ್ತದೆ. ಕಾನೂನಿನ ಗಡಿಯಾರ ಶುರುವಾಗುವುದು ಗೇಟಿನಲ್ಲಿ. ಆದ್ದರಿಂದ ‘ಗೇಟ್ ಎಂಟ್ರಿಯ ಎಲೆಕ್ಟ್ರಾನಿಕ್ ದಾಖಲೆ ಅಥವಾ ಸೀಲು ಹಾಕಿದ ಡಿಸಿಯೇ ಒಪ್ಪಿಸಿದ ದಿನಕ್ಕೆ ಪುರಾವೆ’ ಎಂದು ಬರೆಸಿ, ಮತ್ತು ಸೀಲು ಹಾಕಿದ ಡಿಸಿಯ ಫೋಟೊವನ್ನು ಡ್ರೈವರ್ ಗೇಟು ಬಿಡುವ ಮೊದಲೇ ತೆಗೆದು ಕಳಿಸುವ ರೂಢಿ ಮಾಡಿ.

ಇನ್ನು ತೆರಿಗೆಯ ಪೋರ್ಟಲುಗಳು. ಅವೂ ಒಂದು ಬಗೆಯ ಸ್ವೀಕೃತಿ ಕೊಡುತ್ತವೆ, ಆದರೆ ಅದನ್ನು ವ್ಯಾಪಾರದ ಸ್ವೀಕೃತಿಯೊಂದಿಗೆ ಕಲಸಬೇಡಿ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ಇ-ಇನ್‌ವಾಯ್ಸ್ ಮಾಡಬೇಕು. ಅದಕ್ಕೆ ಐಆರ್‌ಎನ್ ಎಂಬ ನೋಂದಣಿ ಸಂಖ್ಯೆ ಬಂತೆಂದರೆ ಸರ್ಕಾರದ ವ್ಯವಸ್ಥೆಯಲ್ಲಿ ಬಿಲ್ಲು ದಾಖಲಾಯಿತು ಎಂದಷ್ಟೇ ಅರ್ಥ, ಗಿರಾಕಿಯ ಕೈಗೆ ಹೋಯಿತೆಂದಲ್ಲ. ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲಿನಲ್ಲಿ ಮಾಲು ಪಡೆಯುವವರು 72 ಗಂಟೆಯೊಳಗೆ, ಅಥವಾ ಅದಕ್ಕೆ ಮೊದಲೇ ಮಾಲು ತಲುಪಿದರೆ ಅಷ್ಟರೊಳಗೆ, ಒಪ್ಪಿಗೆ ಇಲ್ಲವೇ ನಿರಾಕರಣೆ ತಿಳಿಸದಿದ್ದರೆ ಒಪ್ಪಿದಂತೆ. ಜಿಎಸ್‌ಟಿ ಪೋರ್ಟಲಿನಲ್ಲಿ 2024ರ ಅಕ್ಟೋಬರಿನಿಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ ಬಂದಿದೆ. ಅಲ್ಲಿ ಖರೀದಿದಾರರು ಬಿಲ್ಲನ್ನು ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು, ಏನೂ ಮಾಡದಿದ್ದರೆ ಒಪ್ಪಿದಂತೆ. ಮಾಲಿನ ಗುಣಮಟ್ಟ ಒಪ್ಪಿದರು ಎಂದು ಇವು ಹೇಳುವುದಿಲ್ಲ. ಆದರೂ ‘ನಿಮ್ಮ ಬಿಲ್ಲೇ ಬಂದಿಲ್ಲ’ ಎನ್ನುವ ಗಿರಾಕಿಯ ಮುಂದೆ ಇಡಲು ಒಳ್ಳೆಯ ಪುರಾವೆ. ತಿಂಗಳಿಗೊಮ್ಮೆ ಆ ಪುಟವನ್ನು ಇಳಿಸಿ ಇಟ್ಟುಕೊಳ್ಳಿ.

ಹೆಜ್ಜೆ 9: ಲಾಗು ಕಾಪಾಡಿ

ಕಳಿಸಿದ್ದು, ಬಂದದ್ದು, ಸ್ವೀಕೃತಿ ಮೂರನ್ನೂ ಬದಲಿಸಲು ಬಾರದ ರೂಪದಲ್ಲಿ ಎರಡೂ ಕಡೆಯವರು ಇಡಬೇಕು. ಎಷ್ಟು ಕಾಲ? ಹಣ ವಸೂಲಿ ದಾವೆಗೆ ಸಾಮಾನ್ಯ ಮಿತಿ 3 ವರ್ಷ. ಜಿಎಸ್‌ಟಿ ಕಾಯ್ದೆ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕ ಇಡಲು ಹೇಳುತ್ತದೆ. ಕಂಪನಿ ಕಾಯ್ದೆಯಲ್ಲಿ 8 ಆರ್ಥಿಕ ವರ್ಷ. ನಾನು 8 ಎಂದೇ ಬರೆಸುತ್ತೇನೆ. ಗಿರಾಕಿಯ ಪೋರ್ಟಲಿನಲ್ಲೇ ಎಲ್ಲ ಇದೆ ಎಂದು ನೆಮ್ಮದಿಯಿಂದಿರಬೇಡಿ. ವ್ಯವಹಾರ ಮುರಿದ ದಿನ ನಿಮ್ಮ ಲಾಗಿನ್ ಬಂದ್ ಆಗುತ್ತದೆ. ಕರಾರು ಮುಗಿದ ಮೇಲೂ 90 ದಿನ ನೋಡಲು, ಇಳಿಸಿಕೊಳ್ಳಲು ಅವಕಾಶ ಕೇಳಿ.

ಕೋರ್ಟಿಗೆ ಹೋಗಬೇಕಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎ ಭಾಗ ನಿಮ್ಮದು, ಬಿ ಭಾಗ ತಜ್ಞರದ್ದು, ಜೊತೆಗೆ ಕಡತದ ಹ್ಯಾಶ್ ಸಂಖ್ಯೆ (ಕಡತ ಬದಲಾಗಿಲ್ಲ ಎಂದು ತಾಳೆ ನೋಡುವ ಗುರುತು). ಬರೀ ಸ್ಕ್ರೀನ್‌ಶಾಟ್ ಪ್ರಿಂಟು ಹಿಡಿದು ಹೋದರೆ ನಡೆಯದು.

ವ್ಯಾಜ್ಯ ಯಾವ ಊರಿನ ಕೋರ್ಟಿಗೆ ಹೋಗಬೇಕು ಎಂಬ ಸಾಲನ್ನೂ ನೋಡಿ. ತಕ್ಷಣ ತಲುಪುವ ಮಾಧ್ಯಮದಲ್ಲಿ ಒಪ್ಪಿಗೆ ಎಲ್ಲಿ ತಲುಪಿತೋ ಅಲ್ಲಿ ಕರಾರಾದಂತೆ ಎಂದು ಟೆಲಿಫೋನ್ ಮಾತಿನ ಭಗವಾನ್‌ದಾಸ್ ಕೇಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆ ಲೆಕ್ಕದಲ್ಲಿ ಮಾಲೂರಿನಿಂದ ಒಪ್ಪಿಗೆ ಕಳಿಸಿದವರು ಗಿರಾಕಿಯ ಊರಿಗೆ ಅಲೆಯಬೇಕಾದೀತು. ಬಾಕಿ ವಸೂಲಿಗೆ ಮಾತ್ರ ಎಂಎಸ್‌ಎಂಇ ಕಾಯ್ದೆಯ 18ನೇ ಕಲಮು ನಿಮ್ಮ ಕಡೆ ಇದೆ: ನೀವಿರುವ ಪ್ರದೇಶದ ಫೆಸಿಲಿಟೇಶನ್ ಕೌನ್ಸಿಲ್ (ಬಾಕಿ ಹಣದ ವ್ಯಾಜ್ಯ ಕೇಳುವ ಸರ್ಕಾರಿ ಮಂಡಳಿ), ಗಿರಾಕಿ ದೇಶದ ಯಾವ ಮೂಲೆಯಲ್ಲಿದ್ದರೂ, ವಿಚಾರಣೆ ಮಾಡಬಹುದು.

ಹೆಜ್ಜೆ 10: ಸಹಿಗೆ ಮೊದಲು ಒಂದು ಸುತ್ತು ಓಡಿಸಿ ನೋಡಿ

ಗಿರಾಕಿಯ ಐಟಿ ವಿಭಾಗದವರನ್ನು ಕೇಳಿ ಪರೀಕ್ಷೆಗೆಂದು ಐದು ದಾಖಲೆ ಕಳಿಸಲು ಹೇಳಿ: ಒಂದು ಸರಿಯಾದ ಪಿಒ, ಒಂದು ದರ ತಪ್ಪಿದ್ದು, ಒಂದು ಅರ್ಧಕ್ಕೆ ತುಂಡಾದದ್ದು, ಒಂದು ಎರಡು ಸಲ ಬಂದದ್ದು, ಒಂದು ಶನಿವಾರ ರಾತ್ರಿ ಹತ್ತಕ್ಕೆ. ಪ್ರತಿಯೊಂದಕ್ಕೂ ನಿಮ್ಮ ಸಿಸ್ಟಂ ಏನೆಂದು ಉತ್ತರ ಕಳಿಸಿತು, ಆ ಉತ್ತರ ಅವರ ಪರದೆಯ ಮೇಲೆ ಯಾವ ಪದದಲ್ಲಿ ಕಾಣಿಸಿತು ಎಂದು ಬರೆದುಕೊಳ್ಳಿ. ದರ ತಪ್ಪಿದ ಪಿಒಗೂ ಅವರ ಪರದೆಯಲ್ಲಿ ‘ಅಕ್ಸೆಪ್ಟೆಡ್’ ಎಂದೇ ಬಿದ್ದರೆ ಆ ಪುಟದ ಪ್ರಿಂಟು ತೆಗೆದು, ಆರನೇ ಹೆಜ್ಜೆಯ ಎರಡನೇ ಷರತ್ತಿನ ಕೆಳಗೆ ಪಿನ್ ಹಾಕಿ, ಮಾತುಕತೆಗೆ ಹೋಗುವಾಗ ತೆಗೆದುಕೊಂಡು ಹೋಗಿ. ಮುಂದಿನ ಗಿರಾಕಿಯ ಬಳಿ ಭಾವನವರು ಹೋದಾಗ ನಾನು ಅವರ ಕೈಗೆ ಕೊಟ್ಟು ಕಳಿಸಿದ್ದು ಅಂಥದೇ ಒಂದು ಪ್ರಿಂಟು. ಅವರ ಖರೀದಿ ಮ್ಯಾನೇಜರ್ ಅದನ್ನು ಎರಡು ಸಲ ಓದಿ, ಷರತ್ತಿನಲ್ಲಿ ಒಂದು ಅಕ್ಷರವನ್ನೂ ಬದಲಿಸದೆ ಹಾಗೇ ಸೇರಿಸಿದರು.